ಕುಡಿತ ಬಿಡಿಸುವ ಆಸ್ಪತ್ರೆ, ಕುಡಿತ ಬಿಡಿಸುವ ಶಿಬಿರ

ಕರ್ನಾಟಕದಲ್ಲಿ ಕುಡಿತದ ಚಟವನ್ನು ಕಾಯಿಲೆಯೆಂದು ಒಪ್ಪಿ ಮದ್ದು ಕೊಡುವ ವ್ಯವಸ್ಥೆ ತಡವಾಗಿ ಬಂತು. ಹೆಂಡ, ಸಾರಾಯಿ ಬಹುಕಾಲ ಸರ್ಕಾರಕ್ಕೆ ಅಬಕಾರಿಯ ವಿಷಯವಾಗಿದ್ದವು, ಮನೆಯವರಿಗೆ ಮಾನದ ವಿಷಯ. ಬೆಂಗಳೂರಿನ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ವ್ಯಸನಿಗಳಿಗೆಂದೇ ಅಲ್ಲಿ ಪ್ರತ್ಯೇಕ ವ್ಯಸನಮುಕ್ತಿ ಕೇಂದ್ರ ತೆರೆಯಲು ತೊಂಬತ್ತರ ದಶಕವೇ ಬರಬೇಕಾಯಿತು. ಫಲಕದ ಮೇಲಿನ ಹೆಸರು ಬದಲಾದರೂ ಜನರ ಬಾಯಲ್ಲಿ ‘ಹುಚ್ಚಾಸ್ಪತ್ರೆ’ಯೇ ಉಳಿಯಿತು. ಚಿಕಿತ್ಸೆಗೆ ಮೊದಲ ಅಡ್ಡಿ ಈ ಪದವೇ. ಗಂಡನನ್ನು ಅಲ್ಲಿಗೆ ಸೇರಿಸಿದರೆ ಮಗಳಿಗೆ ಸಂಬಂಧ ಕೂಡಿಬರದು ಎಂದು ಹೆದರಿದ ಮನೆಗಳು ಎಷ್ಟೋ.

ಇನ್ನೊಂದು ಅಡ್ಡಿ ದೂರ ಮತ್ತು ದಿನಗೂಲಿ. ಉದಾಹರಣೆಗೆ, ಮೈಸೂರಿನ ವಿಜಯನಗರ ಬಡಾವಣೆಯಿಂದ ನಿಮ್ಹಾನ್ಸ್ ಸುಮಾರು 150 ಕಿಲೋಮೀಟರ್. ನಗರದಲ್ಲೇ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ, ನಿಜ. ಆದರೆ ಆ ಬಡಾವಣೆಯಲ್ಲಿ ಮನೆ ಕಟ್ಟುವ ಗಾರೆ ಕೆಲಸದವನು ವಾರಗಟ್ಟಲೆ ದಾಖಲಾದರೆ ಅವನ ಕೂಲಿಯ ಜೊತೆಗೆ, ಪಕ್ಕದಲ್ಲಿ ಕೂರುವ ಹೆಂಡತಿಯ ಕೂಲಿಯೂ ಹೋಗುತ್ತದೆ.

ಈ ಅಡ್ಡಿಗಳನ್ನು ಊರಿನಲ್ಲೇ ದಾಟಿಸಿದ್ದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. ಬೆಳ್ತಂಗಡಿ ತಾಲ್ಲೂಕಿನಲ್ಲಿ 1982ರಲ್ಲಿ ಹುಟ್ಟಿದ ಯೋಜನೆಯ ಈ ಕೆಲಸ ರಾಜ್ಯದುದ್ದಕ್ಕೂ ಹಬ್ಬಿ, ಶಿಬಿರಗಳ ಎಣಿಕೆ ಸಾವಿರ ದಾಟಿತು. ಕಲ್ಯಾಣಮಂಟಪದಲ್ಲೋ ದೇವಸ್ಥಾನದ ಸಭಾಭವನದಲ್ಲೋ ಸುಮಾರು ಎಂಟು ದಿನದ ವಾಸ. ವ್ಯವಸ್ಥೆಗೆ ಊರವರದೇ ಸಮಿತಿ. ಹತ್ತಾರು ಜನ ಒಟ್ಟಿಗೆ ಕೂತಾಗ ನಾಚಿಕೆ ಹಗುರಾಗುತ್ತದೆ. ಇದು ಯಾವ ವಾರ್ಡೂ ಸುಲಭವಾಗಿ ಕೊಡಲಾರದ ಮದ್ದು. ಆದರೂ ಸಂಕಲ್ಪವೊಂದೇ ಸಾಲದು. ವರ್ಷಗಟ್ಟಲೆ ಕುಡಿದವರು ದಿಢೀರನೆ ಬಿಟ್ಟರೆ ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು, ನಂತರ ಭ್ರಮೆ ಹಿಡಿದು ಪ್ರಾಣಕ್ಕೇ ಕುತ್ತಾಗಬಹುದು. ವೈದ್ಯರ ಕಣ್ಗಾವಲು ಅಲ್ಲಿ ಬೇಕೇ ಬೇಕು.

ಶಿಬಿರ ಮುಗಿದ ಮೇಲಿನ ದಿನಗಳೇ ಕಠಿಣ. ಅದೇ ಬೀದಿ, ಅದೇ ಗೆಳೆಯರು, ಅದೇ ಬಾರು. ಬಿಟ್ಟವರು ಆಗಾಗ ಸೇರುವ ನವಜೀವನ ಸಮಿತಿಗಳು ಹುಟ್ಟಿದ್ದು ಇದಕ್ಕಾಗಿಯೇ. ಅಂಗಡಿ ಮುಚ್ಚಿಸಿದ ಮಾತ್ರಕ್ಕೆ ಚಟ ಬಿಡದು: 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದಾಗ ಅನೇಕರು ಅಗ್ಗದ ವಿಸ್ಕಿ, ರಮ್ಮಿನ ಕಡೆ ತಿರುಗಿದರು.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯದ ತೊಂದರೆಯುಳ್ಳವರಲ್ಲಿ ಶೇ. 86ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯಿದೆ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಪ್ತಿಗೆ ತಂದು, ಸರ್ಕಾರಿ ಸೇವೆಯಲ್ಲಿ ಚಿಕಿತ್ಸೆ ಪಡೆಯುವುದು ಹಕ್ಕೆಂದಿತು. ಮನೆಯಲ್ಲಿ ಇಂಥವರಿದ್ದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು, ಕರೆ ಉಚಿತ.