ಹೂಗ್ಲಿಯ ನಿದ್ದೆ, ಆಟಗಾರನ ಮೊಣಕಾಲು

1845ರ ಏಪ್ರಿಲ್ 4ರಂದು ಬಂಗಾಳದ ಹೂಗ್ಲಿಯ ಆಸ್ಪತ್ರೆಯಲ್ಲಿ ಮಾಧವ ಕೌರಾ ಎಂಬ ಕೈದಿ ನೋವು ತಾಳಲಾರದೆ ನರಳುತ್ತಿದ್ದ. ಅವನ ಬುಡ್ಡೆಯ ಎರಡೂ ಬದಿಗೆ ನೀರು ತುಂಬಿ ಊದಿಕೊಂಡಿತ್ತು. ನೀರು ತೆಗೆದು, ಅದು ಮತ್ತೆ ತುಂಬದಿರಲೆಂದು ಒಳಗೆ ಉರಿಯುವ ಔಷಧ ಬಿಡುವುದು ಅಂದಿನ ಚಿಕಿತ್ಸೆ. ಈ ನರಳಾಟ ಆ ಔಷಧದ್ದು. ಚಿಕಿತ್ಸೆ ಮಾಡಿದ ಜೇಮ್ಸ್ ಎಸ್ಡೇಲ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ, ಸ್ಕಾಟ್ಲೆಂಡಿನವನು. ಯುರೋಪಿನಲ್ಲಿ ಕೆಲವರು ಮೈಮೇಲೆ ಕೈಯಾಡಿಸಿ ರೋಗಿಗಳನ್ನು ಮಂಪರಿಗೆ ತಳ್ಳುತ್ತಾರೆ ಎಂದು ಅವನು ಓದಿದ್ದ. ಮೆಸ್ಮೆರಿಸಂ ಎಂಬ ಆ ವಿದ್ಯೆಯನ್ನು ಕಣ್ಣಾರೆ ಕಂಡವನಲ್ಲ. ಆದರೂ ನೋಡೇಬಿಡೋಣ ಎಂದು ಕೈದಿಯ ಮುಖದಿಂದ ಹೊಟ್ಟೆಯವರೆಗೆ, ಮೈಗೆ ತಾಗಿಯೂ ತಾಗದಂತೆ, ಕೈಯಾಡಿಸುತ್ತ ಹೋದ. ಕೈದಿಯ ನರಳಾಟ ನಿಂತಿತು. ಸೂಜಿ ಚುಚ್ಚಿದರೂ ಮೂಗಿಗೆ ಅಮೋನಿಯಾ ಹಿಡಿದರೂ ಅವನು ಬೆಚ್ಚಲಿಲ್ಲ. ತನ್ನ ಮಾತನ್ನು ಯಾರೂ ನಂಬಲಾರರೆಂದು ಎಸ್ಡೇಲ್ ಜಿಲ್ಲೆಯ ನ್ಯಾಯಾಧೀಶನನ್ನೂ ಕಲೆಕ್ಟರನನ್ನೂ ಕರೆಸಿ ತೋರಿಸಿದ.

ಇಂದು ಲಿಗಮೆಂಟ್ ಹರಿದ ಆಟಗಾರರಿಗೆ ಆ ವಿದ್ಯೆಯ ಈಗಿನ ರೂಪವಾದ ಸಮ್ಮೋಹನ ಚಿಕಿತ್ಸೆ ಕೊಟ್ಟು ಬೇಗ ಮೈದಾನಕ್ಕಿಳಿಸುತ್ತೇವೆ ಎನ್ನುವವರಿದ್ದಾರೆ. ಅದೆಲ್ಲ ಬೂಟಾಟಿಕೆ ಎನ್ನುವವರೂ ಇದ್ದಾರೆ. ಇಬ್ಬರೂ ಹೂಗ್ಲಿಯಿಂದ ಈಚಿನ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಮೂಳೆ-ಮಾಂಸದ ಬಗ್ಗೆ ಈ ವಿದ್ಯೆ ಕೊಟ್ಟ ಮಾತು ಪ್ರತಿ ಸಲವೂ ಸೋತಿದೆ, ಇಲ್ಲವೇ ಸಾಬೀತಾಗದೆ ಉಳಿದಿದೆ. ನೋವುಣ್ಣುವ ಮನಸ್ಸಿನ ಬಗ್ಗೆ ಕೊಟ್ಟ ಮಾತನ್ನು ಮಾತ್ರ ಬಹುಮಟ್ಟಿಗೆ ಉಳಿಸಿಕೊಂಡಿದೆ. ಗಾಯಾಳು ಆಟಗಾರನಿಗೆ ಇದರಿಂದ ಆಗಬಹುದಾದ ಉಪಕಾರ ಈ ಎರಡನೆಯ ಲೆಕ್ಕದ್ದು. ಅದನ್ನು ಮೊದಲನೆಯ ಲೆಕ್ಕಕ್ಕೆ ಬರೆದುಕೊಂಡಾಗಲೆಲ್ಲ ಅನಾಹುತವಾಗಿದೆ ಎನ್ನುವುದು ನನ್ನ ವಾದ.

ಮೊದಲ ಸೋಲು ಹೂಗ್ಲಿಗಿಂತ ಹಳೆಯದು. ಮೆಸ್ಮೆರಿಸಂಗೆ ಹೆಸರು ಕೊಟ್ಟವನು, ವಿಯೆನ್ನಾದಿಂದ ಪ್ಯಾರಿಸಿಗೆ ಬಂದ ವೈದ್ಯ ಮೆಸ್ಮರ್, ಲೋಕವನ್ನೆಲ್ಲ ತುಂಬಿರುವ ಒಂದು ಕಾಂತದ್ರವ ತನ್ನ ಕೈಯಿಂದ ರೋಗಿಯ ಮೈಗೆ ಹರಿಯುತ್ತದೆ ಎಂದ. 1784ರಲ್ಲಿ ಫ್ರಾನ್ಸಿನ ರಾಜ ನೇಮಿಸಿದ ಆಯೋಗದಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೆ ಮೊದಲಾದವರಿದ್ದರು. ಫ್ರಾಂಕ್ಲಿನ್‌ನ ತೋಟದಲ್ಲಿ ಒಂದು ಮರಕ್ಕೆ ಮಾತ್ರ ಈ 'ಶಕ್ತಿ' ತುಂಬಿಸಿ, ಕಣ್ಣು ಕಟ್ಟಿದ ಹುಡುಗನೊಬ್ಬನನ್ನು ಮರದಿಂದ ಮರಕ್ಕೆ ನಡೆಸಿಕೊಂಡು ಹೋದರು. ಹುಡುಗ ಮೂರ್ಛೆ ಹೋದದ್ದು ಬೇರೆ ಮರದ ಕೆಳಗೆ! ದ್ರವ ಎಂಬುದು ಇಲ್ಲ, ಕೆಲಸ ಮಾಡುತ್ತಿರುವುದು ಕಲ್ಪನೆ ಎಂದು ಆಯೋಗ ತೀರ್ಮಾನಿಸಿತು. ತೀರ್ಮಾನ ಸರಿಯಾಗಿಯೇ ಇತ್ತು. ಆದರೆ ಒಬ್ಬ ಹುಡುಗನನ್ನು ನಿಂತಲ್ಲೇ ಬೀಳಿಸಬಲ್ಲ ಕಲ್ಪನೆ ಎಂದರೆ ಎಂಥದು ಎಂಬ ಪ್ರಶ್ನೆಯನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಅದನ್ನು ಎತ್ತಿಕೊಂಡವನು ನಮ್ಮ ನೆರೆಯ ಗೋವಾದವನು. 1756ರಲ್ಲಿ ಬಾರ್ದೇಶದ ಕಾಂದೋಳಿಯಲ್ಲಿ ಹುಟ್ಟಿ, ಲಿಸ್ಬನ್ ಮತ್ತು ರೋಮಿನಲ್ಲಿ ಓದಿ, ಪಾದ್ರಿಯಾಗಿ ಪ್ಯಾರಿಸ್ ಸೇರಿದ ಅಬೆ ಫಾರಿಯಾ 1813ರಿಂದ ಅಲ್ಲಿ ಬಹಿರಂಗ ಪ್ರಯೋಗಗಳನ್ನು ನಡೆಸಿದ. ಕುರ್ಚಿಯಲ್ಲಿ ಕೂರಿಸುವುದು, ಕಣ್ಣು ಮುಚ್ಚಲು ಹೇಳುವುದು, ಆಮೇಲೆ ದೊಡ್ಡ ದನಿಯಲ್ಲಿ ಮಲಗು ಎನ್ನುವುದು, ಇಷ್ಟೇ ಅವನ ಕ್ರಮ. ಶಕ್ತಿ ತನ್ನದಲ್ಲ, ಮಲಗುವವನದು, ಎಲ್ಲರೂ ಒಂದೇ ಅಳತೆಯಲ್ಲಿ ಮಲಗಲಾರರು ಎಂದು ಅವನು ಹೇಳಿದ. ನಾಟಕವಾಡಿ ಅವನನ್ನು ಗೇಲಿ ಮಾಡಿದರು. 1819ರಲ್ಲಿ ಅವನು ತೀರಿಕೊಂಡ, ಪುಸ್ತಕವೂ ಅದೇ ವರ್ಷದ್ದು. ಪಣಜಿಯಲ್ಲಿ ಹಳೆಯ ಸಚಿವಾಲಯದ ಪಕ್ಕ ಅವನ ಪ್ರತಿಮೆಯಿದೆ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಹೋದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಒರಗಿದ ಹೆಂಗಸೊಬ್ಬಳ ಮೇಲೆ ಎರಡೂ ಕೈ ಚಾಚಿ, ಏನನ್ನೋ ಆವಾಹಿಸುವ ಮಂತ್ರವಾದಿಯ ಭಂಗಿಯಲ್ಲಿ ಅವನು ನಿಂತಿದ್ದಾನೆ. ಜೀವಮಾನವೆಲ್ಲ ಅಲ್ಲಗಳೆದದ್ದನ್ನೇ ಶಿಲ್ಪಿ ಅವನ ಕೈಗೆ ಕೊಟ್ಟಂತಾಗಿದೆ.

ಎಸ್ಡೇಲ್ ಈ ಪಾಠ ಕಲಿತವನಲ್ಲ, ಅವನು ದ್ರವದ ಪಕ್ಷದವನೇ. ಆದರೆ ಕೆಲಸದಲ್ಲಿ ಗಟ್ಟಿಗ. ಆನೆಕಾಲು ರೋಗದ ಹುಳುವಿನಿಂದ ಬಂಗಾಳದಲ್ಲಿ ಭಾರಿ ಗೆಡ್ಡೆಗಳು ಬೆಳೆಯುತ್ತಿದ್ದ ಕಾಲ ಅದು. ಅರಿವಳಿಕೆ ಇಲ್ಲದೆ ಅವನ್ನು ಕೊಯ್ಯುವುದೆಂದರೆ ಎಷ್ಟೋ ರೋಗಿಗಳು ಚಾಕುವಿಗಿಂತ ಸಾವೇ ವಾಸಿ ಎನ್ನುವ ಸ್ಥಿತಿ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕೈಯಾಡಿಸಬೇಕಾದದ್ದರಿಂದ ಎಸ್ಡೇಲ್ ಸುಸ್ತಾಗಿ, ಆಸ್ಪತ್ರೆಯ ಕಾಂಪೌಂಡರುಗಳಿಗೂ ಡ್ರೆಸ್ಸರುಗಳಿಗೂ ಆ ಕೆಲಸ ಕಲಿಸಿಬಿಟ್ಟ. ಕತ್ತಲು ಕೋಣೆಯಲ್ಲಿ ರೋಗಿಯ ತಲೆಯ ಹಿಂದೆ ಕೂತು, ಮುಖಕ್ಕೆ ಮೆಲ್ಲಗೆ ಉಸಿರು ಬಿಡುತ್ತ ಕೈಯಾಡಿಸಿದವರು ಈ ಹಿಂದೂ-ಮುಸ್ಲಿಂ ಹುಡುಗರು. ದೊರೆ ಬಂದು ಚಾಕು ಹಿಡಿಯುತ್ತಿದ್ದ, ಅಷ್ಟೆ. ಚರಿತ್ರೆಯ ಪುಸ್ತಕಗಳಲ್ಲಿ ಅವರ ಹೆಸರಿಗೆ ಜಾಗ ಸಿಕ್ಕಿದ್ದು ಕಡಿಮೆ.

1846ರಲ್ಲಿ ಬಂಗಾಳ ಸರ್ಕಾರ ಒಂದು ಸಮಿತಿ ನೇಮಿಸಿ ಇದನ್ನು ಪರೀಕ್ಷಿಸಿತು. ಆ ವರದಿ ಇಂದಿಗೂ ಓದಿಸಿಕೊಳ್ಳುತ್ತದೆ, ಏಕೆಂದರೆ ಅದು ಎರಡೂ ಕಡೆಯವರಿಗೆ ಮುಜುಗರ ತರುವಂಥದ್ದು. ಕೆಲವು ರೋಗಿಗಳು ದಿನಗಟ್ಟಲೆ ಪ್ರಯತ್ನಿಸಿದರೂ ಮಂಪರಿಗೆ ಜಾರಲಿಲ್ಲ. ಚಾಕು ತಾಗಿದಾಗ ಕೆಲವರು ಅಲ್ಲಾಡದೆ ಮಲಗಿದ್ದರು. ಇನ್ನು ಕೆಲವರ ಕೈ ಸೆಟೆದವು, ಮುಖ ಕಿವುಚಿಕೊಂಡಿತು. ಹಾಗೆ ಕಿವುಚಿಕೊಂಡವರೂ ಎಚ್ಚರವಾದ ಮೇಲೆ ನೋವೇ ಆಗಲಿಲ್ಲ ಎಂದರು. ಅಂದರೆ ಮೈ ಒಂದು ಹೇಳಿತು, ಬಾಯಿ ಇನ್ನೊಂದು. ಸಂಶಯಪಡುವವರು ಇದನ್ನು ಸುಳ್ಳು ಎಂದರು. ಹಾಗಾದರೂ ಸಮಿತಿಯ ಒಟ್ಟು ಅಭಿಪ್ರಾಯ ಅನುಕೂಲವಾಗಿಯೇ ಇದ್ದು, ಆ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಒಂದು ವರ್ಷದ ಮಟ್ಟಿಗೆ ಮೆಸ್ಮೆರಿಕ್ ಆಸ್ಪತ್ರೆ ತೆರೆಯಿತು. ಆದರೆ ಅಕ್ಟೋಬರ್ 16ರಂದೇ ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿಸಿದ್ದಾಗಿತ್ತು. ಈಥರಿಗೆ ನಂಬಿಕೆ ಬೇಡ, ಕೈಯಾಡಿಸುವ ಹುಡುಗರು ಬೇಡ, ಅದು ಹೆಚ್ಚುಕಡಿಮೆ ಎಲ್ಲರನ್ನೂ ನಿಮಿಷಗಳಲ್ಲಿ ಮಲಗಿಸುತ್ತದೆ. 1851ರಲ್ಲಿ ಎಸ್ಡೇಲ್ ಭಾರತ ಬಿಟ್ಟ ಹೊತ್ತಿಗೆ ಅವನ ವಿದ್ಯೆ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಹೊರಗೆ ಬಿದ್ದಿತ್ತು. ಅದು ಬೀಳಬೇಕಾದದ್ದೇ.

ಕಿವುಚಿದ ಮುಖದ ಒಗಟು ಬಿಡಿಸಲು ಒಂದೂವರೆ ಶತಮಾನ ಹಿಡಿಯಿತು. 1997ರಲ್ಲಿ ಮಾಂಟ್ರಿಯಲ್‌ನಲ್ಲಿ ಪಿಯರ್ ರೆನ್‌ವಿಲ್ ಮತ್ತು ಸಂಗಡಿಗರು, ಸಮ್ಮೋಹನಕ್ಕೊಳಗಾದವರ ಕೈಯನ್ನು ನೋಯುವಷ್ಟು ಬಿಸಿ ನೀರಿನಲ್ಲಿಡಿಸಿ ಮೆದುಳಿನ ಚಿತ್ರ ತೆಗೆದರು. ನೋವು ಹೆಚ್ಚು ಅಹಿತ ಅಥವಾ ಕಡಿಮೆ ಅಹಿತ ಎನಿಸುವಂತೆ ಸೂಚನೆ ಕೊಟ್ಟಾಗ, ನೋವಿನ ಸಂಕಟಕ್ಕೆ ಸಂಬಂಧಿಸಿದ ಮೆದುಳಿನ ಭಾಗದ ಚಟುವಟಿಕೆ ಬದಲಾಯಿತು. ಸ್ಪರ್ಶ ಮತ್ತು ನೋವಿನ ಸುದ್ದಿಯನ್ನು ಬರಮಾಡಿಕೊಳ್ಳುವ ಭಾಗ ಹಾಗೆಯೇ ಇತ್ತು. ಸುದ್ದಿ ಬರುತ್ತದೆ, ಅದರ ಸಂಕಟ ತಗ್ಗುತ್ತದೆ. ಕಲ್ಕತ್ತದ ರೋಗಿಗಳ ಮೈಯೂ ಸುಳ್ಳಾಡಲಿಲ್ಲ, ಬಾಯಿಯೂ ಸುಳ್ಳಾಡಲಿಲ್ಲ ಎಂದು ಈಗ ಊಹಿಸಬಹುದು.

ಆಟದ ಲೋಕ ಸಮ್ಮೋಹನವನ್ನು ಕರೆದದ್ದು ನೋವಿಗಾಗಿ ಅಲ್ಲ, ಬಲಕ್ಕಾಗಿ. 1961ರಲ್ಲಿ ಮಿಚಿಯೊ ಇಕಾಯ್ ಮತ್ತು ಆರ್ಥರ್ ಸ್ಟೈನ್‌ಹೌಸ್ ಮೊಣಕೈ ಮಡಚಿ ಎಳೆಯುವ ಬಲವನ್ನು ಅಳೆಯುತ್ತ, ಕೆಲವು ಸಲ ಹಿಂದಿನಿಂದ ಪಿಸ್ತೂಲು ಹಾರಿಸಿದರು, ಕೆಲವು ಸಲ ಕೂಗಿಸಿದರು, ಕೆಲವು ಸಲ ಸಮ್ಮೋಹನ ಮಾಡಿದರು. ಮೂರರಲ್ಲೂ ಬಲ ಏರಿತು, ಸಮ್ಮೋಹನದಲ್ಲಿ ಎಲ್ಲಕ್ಕಿಂತ ಹೆಚ್ಚು. ಸ್ನಾಯುವಿಗೆ ಹೊಸ ಬಲ ಬಂದದ್ದಲ್ಲ, ಅದನ್ನು ಹಿಡಿದಿಟ್ಟಿದ್ದ ಮನಸ್ಸಿನ ಲಗಾಮು ಸಡಿಲಾಯಿತು ಎಂದು ಅವರು ವಿವರಿಸಿದರು. 1973ರಲ್ಲಿ ಮುಹಮ್ಮದ್ ಅಲಿಯನ್ನು ಸೋಲಿಸಿ ದವಡೆ ಮುರಿದ ಕೆನ್ ನಾರ್ಟನ್ ಪಂದ್ಯಕ್ಕೆ ಮುಂಚೆ ಸಮ್ಮೋಹನಕಾರನ ಬಳಿ ಹೋಗಿದ್ದ. ಪತ್ರಿಕೆಗಳಿಗೆ ಅದು ಹಬ್ಬ, ಪುರಾವೆಯ ದೃಷ್ಟಿಯಿಂದ ಏನೂ ಅಲ್ಲ.

ಗಾಯದ ವಿಷಯಕ್ಕೆ ಬಂದರೆ, ಮೂಳೆಯೇ ಬೇಗ ಕೂಡುತ್ತದೆ ಎಂಬ ಮಾತಿಗೆ ಆಧಾರವಾಗಿ ತೋರಿಸುವುದು ಹಾರ್ವರ್ಡ್‌ನ ಕ್ಯಾರಲ್ ಜಿನಾಂಡಿಸ್ ಮತ್ತು ಡೇನಿಯಲ್ ರೋಸೆಂತಾಲ್ 1999ರಲ್ಲಿ ಪ್ರಕಟಿಸಿದ ಪ್ರಯೋಗವನ್ನು. ಕಣಕಾಲಿನ ಮೂಳೆ ಬಿರುಕು ಬಿಟ್ಟವರಲ್ಲಿ ಕೆಲವರಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಸಮ್ಮೋಹನ ಕೊಟ್ಟರು. ಆರನೆಯ ವಾರದ ಎಕ್ಸ್‌-ರೇಯಲ್ಲಿ ಅವರದು ಸ್ವಲ್ಪ ಮುಂದಿರುವಂತೆ ಕಂಡಿತು. ಪ್ರಯೋಗಕ್ಕೊಳಗಾದವರು ಒಟ್ಟು 12 ಜನ. ಇದು ಮೊದಲ ಹೆಜ್ಜೆ ಮಾತ್ರ ಎಂದು ಸಂಶೋಧಕರು ಇಟ್ಟ ಹೆಸರಿನಲ್ಲೇ ಇತ್ತು. ಜಾಹೀರಾತಿಗೆ ಬರುವಷ್ಟರಲ್ಲಿ ಆ ಎಚ್ಚರಿಕೆ ಉದುರಿಹೋಗುತ್ತದೆ. ಹನ್ನೆರಡು ಜನರ ಎಕ್ಸ್‌-ರೇ ಇಟ್ಟುಕೊಂಡು ಮೂಳೆಯ ಬಗ್ಗೆ ಮಾತು ಕೊಡುವವನು ಮೆಸ್ಮರನ ವಂಶದವನೇ.

ಆಟಗಾರನ ನಿಜವಾದ ತೊಡಕು ಬೇರೆ ಕಡೆಯಿದೆ. ಮೊಣಕಾಲಿನ ಎಸಿಎಲ್ ಎಂಬ ಲಿಗಮೆಂಟ್ ಹರಿದರೆ ಶಸ್ತ್ರಚಿಕಿತ್ಸೆಯಲ್ಲಿ ಹೊಸ ನಾರು ಕೂರಿಸುತ್ತಾರೆ. ಮೊಣಕಾಲು ಬಹುಪಾಲು ಸರಿಹೋಗುತ್ತದೆ. ಆದರೆ ಕ್ಲೇರ್ ಆರ್ಡರ್ನ್ ಮತ್ತು ಜೊತೆಗಾರರು 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 81ರಷ್ಟು ಮಂದಿ ಯಾವುದಾದರೂ ಆಟಕ್ಕೆ ಮರಳಿದ್ದರು, ಸ್ಪರ್ಧೆಯ ಆಟಕ್ಕೆ ಮರಳಿದವರು ಶೇ. 55 ಮಾತ್ರ. ಮರಳದವರೆಲ್ಲರ ಕಾಲು ಕೆಟ್ಟಿರಲಿಲ್ಲ. ಮತ್ತೆ ಹರಿದೀತು ಎಂಬ ಭಯ ದೊಡ್ಡ ಕಾರಣಗಳಲ್ಲೊಂದು. ಕಬಡ್ಡಿಯಲ್ಲಿ ರೇಡಿಗೆ ಹೋದವನು ತಿರುಗುವ ಆ ಒಂದು ಕ್ಷಣ ಕಾಲನ್ನು ಪೂರ್ತಿ ನಂಬದಿದ್ದರೆ ಅಲ್ಲಿಗೆ ಅವನ ಆಟ ಮುಗಿಯಿತು. 2001ರಲ್ಲಿ ಡೆಬೊರಾ ಕ್ಯೂಪಲ್ ಮತ್ತು ಬ್ರಿಟನ್ ಬ್ರೂಯರ್ ಎಸಿಎಲ್ ಶಸ್ತ್ರಚಿಕಿತ್ಸೆಯಾದ 30 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮೈ ಸಡಿಲಿಸಿ ಗಾಯ ಮಾಗುವುದನ್ನು ಮನಸ್ಸಿನಲ್ಲಿ ಕಾಣುವ ಹತ್ತು ಬೈಠಕ್, ಇನ್ನೊಂದಕ್ಕೆ ಅಷ್ಟೇ ಗಮನ ಮತ್ತು ಪ್ರೋತ್ಸಾಹ, ಮೂರನೆಯದಕ್ಕೆ ಬರಿಯ ಫಿಸಿಯೋಥೆರಪಿ. 24 ವಾರಗಳಲ್ಲಿ ಮೊದಲ ಗುಂಪಿನ ಭಯವೂ ನೋವೂ ಕಡಿಮೆಯಿದ್ದವು, ಮೊಣಕಾಲಿನ ಬಲ ಹೆಚ್ಚಿತ್ತು. ಇದನ್ನು ಸಮ್ಮೋಹನ ಎಂದು ಅವರು ಕರೆಯಲಿಲ್ಲ, ಆದರೆ ಅದರ ಒಡಹುಟ್ಟು ಎನ್ನಬಹುದು. ಗುಂಪು ಇಲ್ಲಿಯೂ ಚಿಕ್ಕದೇ.

ಬಲ ಹೆಚ್ಚಿದ್ದು ಮೈಯದೇ ಅಲ್ಲವೇ, ನಿಮ್ಮ ವಾದ ಇಲ್ಲಿಗೆ ಮುರಿಯಿತಲ್ಲ ಎಂದು ಕೇಳಬಹುದು. ಮುರಿಯುವುದಿಲ್ಲ. ಶಸ್ತ್ರಚಿಕಿತ್ಸೆಯಾದ ಮೊಣಕಾಲಿನ ತೊಡೆಯ ಸ್ನಾಯುವನ್ನು ನರಮಂಡಲವೇ ತಡೆಹಿಡಿಯುತ್ತದೆ, ನೋವು-ಭಯಗಳು ಆ ತಡೆಯನ್ನು ಬಿಗಿ ಮಾಡುತ್ತವೆ. ಇಕಾಯ್ ಕಂಡ ಲಗಾಮು ಇಲ್ಲಿಯೂ ಇದೆ ಎಂದು ನಾನು ಓದಿಕೊಳ್ಳುತ್ತೇನೆ. ಭಯ ತಗ್ಗಿದವನು ವ್ಯಾಯಾಮವನ್ನು ಪೂರ್ತಿ ಮಾಡುತ್ತಾನೆ, ಸ್ನಾಯು ಅದರಿಂದ ಬೆಳೆಯುತ್ತದೆ.

ಇದೆಲ್ಲ ಹುಸಿಮಾತ್ರೆಯ ಪರಿಣಾಮ ಎನ್ನುವವರ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಆದರೆ ಹುಸಿಮಾತ್ರೆಯಿಂದ ತಗ್ಗಿದ ನೋವು, ಮೈಯೊಳಗಿನ ಅಫೀಮಿನಂಥ ರಸಗಳನ್ನು ತಡೆಯುವ ನ್ಯಾಲಾಕ್ಸೋನ್ ಕೊಟ್ಟರೆ ಸ್ವಲ್ಪವಾದರೂ ಮರಳುತ್ತದೆ ಎಂದು 1978ರಲ್ಲಿ ಹಲ್ಲು ಕೀಳಿಸಿಕೊಂಡವರಲ್ಲಿ ಕಂಡುಬಂತು. ಸಮ್ಮೋಹನದಿಂದ ತಗ್ಗಿದ ನೋವು ಅದೇ ಔಷಧಕ್ಕೆ ಮರಳಲಿಲ್ಲ ಎಂದು ಗೋಲ್ಡ್‌ಸ್ಟೈನ್ ಮತ್ತು ಹಿಲ್ಗಾರ್ಡ್ 1975ರಲ್ಲೇ ತೋರಿಸಿದ್ದರು. ಎರಡರ ದಾರಿ ಪೂರ್ತಿ ಒಂದೇ ಅಲ್ಲ ಎನ್ನಲು ಇದು ಸಾಕು. ಎಲ್ಲರಿಗೂ ಇದು ಒಗ್ಗುವುದಿಲ್ಲ ಎಂಬುದಂತೂ ನಿಜ. ಫಾರಿಯಾ ಹೇಳಿದ್ದನ್ನೇ 1959ರ ಸ್ಟ್ಯಾನ್‌ಫರ್ಡ್ ಮಾಪನ 12 ಅಂಕಗಳಲ್ಲಿ ಅಳೆಯಿತು. ಬಹಳ ಜನ ನಡುವೆ ನಿಲ್ಲುತ್ತಾರೆ, ತುದಿಗೇರುವವರು ಕೆಲವರು, ಏನೂ ಆಗದವರೂ ಕೆಲವರು. ಅಳೆಯದೆ ಎಲ್ಲರಿಗೂ ಒಂದೇ ಚಿಕಿತ್ಸೆ ಮಾರುವವರಿಗೆ ಈ ಅಂಕಿ ಹಿಡಿಸುವುದಿಲ್ಲ.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ನೋವಿನ ಉಪಯೋಗದ ಬಗ್ಗೆ. ಹೊಸ ನಾರು ಮೈಗೂಡಲು ತಿಂಗಳುಗಳು ಬೇಕು. ನಾರ್ವೆ-ಅಮೆರಿಕದ ಸಂಶೋಧಕರ 2016ರ ಅಧ್ಯಯನದಲ್ಲಿ, ಆಟಕ್ಕೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ಮುಂದೂಡಿದ ಒಂದೊಂದು ತಿಂಗಳಿಗೂ ಮರುಗಾಯದ ಪ್ರಮಾಣ ಅರ್ಧದಷ್ಟು ಇಳಿಯಿತು. ಆರನೆಯ ತಿಂಗಳಲ್ಲೇ ಭಯವನ್ನೂ ನೋವನ್ನೂ ಅಳಿಸಿಬಿಟ್ಟರೆ ಆಟಗಾರ ಬೇಗ ಮರಳುತ್ತಾನೆ, ಬೇಗ ಹರಿದುಕೊಳ್ಳುತ್ತಾನೆ. ಇಲ್ಲಿ ಮಾಧವ ಕೌರಾ ಮತ್ತೆ ಮುಖ್ಯವಾಗುತ್ತಾನೆ. ಅವನು ಏಳು ವರ್ಷದ ಶಿಕ್ಷೆಯಲ್ಲಿದ್ದ ಕೈದಿ, ಒಲ್ಲೆ ಎನ್ನುವ ಸ್ಥಿತಿ ಅವನದಾಗಿರಲಿಲ್ಲ. ಆದರೂ ಅಂದು ತಗ್ಗಿದ ನೋವು ಅವನದು, ಅದರಿಂದಾದ ಹಿತವೂ ಅವನದು. ಒಪ್ಪಂದ ಮುಗಿಯುತ್ತ ಬಂದ ಆಟಗಾರನ ನೋವು ತಗ್ಗಿದರೆ ಹಿತ ಅವನದೋ ತಂಡದ ಮಾಲೀಕನದೋ ಹೇಳುವುದು ಕಷ್ಟ. ಸಮ್ಮೋಹನ ಉದ್ದೀಪನ ಮದ್ದಿನ ಪಟ್ಟಿಯಲ್ಲಿ ಇಲ್ಲ, ಯಾವ ಮೂತ್ರ ಪರೀಕ್ಷೆಯಲ್ಲೂ ಸಿಗುವುದಿಲ್ಲ. ಆದ್ದರಿಂದ ಹಿಡಿತ ಬೇರೆ ಕಡೆಯಿಂದ ಬರಬೇಕು.

ಆ ಹಿಡಿತ ಕಷ್ಟದ್ದೇನಲ್ಲ. ಗಾಯಗೊಂಡ ಕ್ರಿಕೆಟಿಗರು ಚೇತರಿಕೆಗೆ ಬೆಂಗಳೂರಿಗೆ ಬರುತ್ತಾರೆ, ಅಲ್ಲಿ ಫಿಟ್ ಎನಿಸಿಕೊಂಡ ಮೇಲೆಯೇ ತಂಡಕ್ಕೆ. ಮೈದಾನಕ್ಕಿಳಿಸುವ ತೀರ್ಮಾನವನ್ನು ಹೀಗೆ ಆಟಗಾರನ ಅನಿಸಿಕೆಯಿಂದ ಬೇರ್ಪಡಿಸಿ, ಎರಡೂ ಕಾಲಿನ ತೊಡೆಯ ಬಲ ಹೋಲಿಸಿ, ಒಂಟಿ ಕಾಲಿನ ಜಿಗಿತ ಅಳೆದು, ತಿಂಗಳು ಎಣಿಸಿ ಮಾಡಬಹುದು. ಸಮ್ಮೋಹನ ಮಾಡುವವನು ತಂಡದ ಕೋಚ್‌ಗೆ ಉತ್ತರ ಕೊಡುವವನಾಗಿರಬಾರದು. ಮನೋವೈದ್ಯನೋ ಮನಶ್ಶಾಸ್ತ್ರಜ್ಞನೋ ಆಗಿದ್ದು, ಶಸ್ತ್ರವೈದ್ಯ ಮತ್ತು ಫಿಸಿಯೋ ಜೊತೆ ಕೂತು ಕೆಲಸ ಮಾಡಬೇಕು. ಬಲ್ಲ ಚಿಕಿತ್ಸಕರು ಸೂಚನೆಯಲ್ಲೇ ಒಂದು ಗಡಿ ಹಾಕಿರುತ್ತಾರೆ: ವ್ಯಾಯಾಮದ ಪರಿಚಿತ ನೋವು ದೂರ ಸರಿಯಲಿ, ಹೊಸ ನೋವು ಬಂದರೆ ತಕ್ಷಣ ಗೊತ್ತಾಗಲಿ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಹೇಳುವವರ ಬಳಿಗೆ ಆಟಗಾರನನ್ನು ಕಳಿಸಬಾರದು.