ರಜಸ್ಸೂತಕವಿಲ್ಲದ ಮನೆ: ಮಗಳಿಗೆ ಮೊದಲೇ ತಿಳಿಸಬೇಕಾದ ಮಾತು

ಜನನಸೂತಕ, ಮರಣಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಜಾತಿಸೂತಕ ಎಂಬ ಐದನ್ನೂ ಲಿಂಗವಂತರಿಗೆ ಸಲ್ಲದವೆಂದು 12ನೆಯ ಶತಮಾನದ ಶರಣರು ತಳ್ಳಿಹಾಕಿದರು. ಈ ಐದರಲ್ಲಿ ಜಾತಿಸೂತಕದ ಕುರಿತು ನಡೆದಷ್ಟು ಮಾತು ಉಳಿದವುಗಳ ಕುರಿತು ನಡೆದಿಲ್ಲ. ಅದಕ್ಕೆ ಕಾರಣವೂ ಉಂಟು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ವಿವಾಹ, ಅದರಿಂದ ಕೆರಳಿದ ಕಲ್ಯಾಣ, ಆ ಇಬ್ಬರು ತಂದೆಯರಿಗೆ ವಿಧಿಸಿದ ಕ್ರೂರ ಮರಣದಂಡನೆ, ಇವೆಲ್ಲ ಪುರಾಣಗಳಲ್ಲೂ ನಾಟಕಗಳಲ್ಲೂ ಉಳಿದು ಬಂದಿವೆ. ರಜಸ್ಸೂತಕದ ನಿರಾಕರಣೆಗೆ ಅಂಥ ಕಥೆಯಿಲ್ಲ. ಅದು ನಡೆದದ್ದು ಬೀದಿಯಲ್ಲಲ್ಲ, ಬಿಜ್ಜಳನ ಸಭೆಯಲ್ಲೂ ಅಲ್ಲ. ಅಡುಗೆಮನೆ ಮತ್ತು ಪೂಜೆಯ ಮಣೆಯ ನಡುವೆ. ಅದಕ್ಕೆ ಹುತಾತ್ಮರಿಲ್ಲ, ಜಯಂತಿಯಿಲ್ಲ. ಬಹುಶಃ ಆದುದರಿಂದಲೇ ಐದು ಸೂತಕಗಳಲ್ಲಿ ಸದ್ದಿಲ್ಲದೆ ಮನೆಯೊಳಗೆ ಹಿಂತಿರುಗಿ ಬಂದದ್ದೂ ಇದೇ ಆಗಿದೆ.

ಶರಣರು ತಿರಸ್ಕರಿಸಿದ್ದು ಯಾವುದನ್ನೆಂದು ಮೊದಲು ತಿಳಿಯಬೇಕು. ಸ್ಮೃತಿಗಳ ವಿಧಿಯಂತೆ ರಜಸ್ವಲೆಯಾದ ಸ್ತ್ರೀ ಮೂರು ದಿನ ಪ್ರತ್ಯೇಕವಾಗಿರಬೇಕು, ಯಾರನ್ನೂ ಏನನ್ನೂ ಮುಟ್ಟಬಾರದು, ನಾಲ್ಕನೆಯ ದಿನದ ಸ್ನಾನದ ಬಳಿಕವೇ ಶುದ್ಧಳು. ಇದರ ಜೊತೆಗೆ ಮತ್ತೊಂದು ವಿಧಿಯೂ ಹೆಣೆದುಕೊಂಡಿತ್ತು. ಮಗಳು ಮೈನೆರೆಯುವ ಮುನ್ನವೇ ಆಕೆಯನ್ನು ಧಾರೆಯೆರೆದು ಕೊಡಬೇಕು, ತಪ್ಪಿದರೆ ದೋಷ ತಂದೆಯದು. ಈ ಎರಡನೆಯ ವಿಧಿಯ ಪರಿಣಾಮವನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಹೀಗೆ ಮದುವೆಯಾದ ಎಷ್ಟೋ ಬಾಲಕಿಯರಿಗೆ ಮೊದಲ ಮುಟ್ಟನ್ನು ಕಾಣುವ ಹೊತ್ತಿಗೆ ತಾಯಿಯ ಅಪ್ಪುಗೆ ದೂರವಾಗುವ ಕಾಲವೂ ಬಂದಿರುತ್ತಿತ್ತು. ಮೈನೆರೆದ ಸುದ್ದಿ ಗಂಡನ ಮನೆಗೆ ಮುಟ್ಟಬೇಕು, ನಿಷೇಕಕ್ಕೆ ದಿನ ಗೊತ್ತಾಗಬೇಕು. ಮಗಳಿಗೆ ಮುಂಚಿತವಾಗಿ ತಿಳಿಹೇಳುವುದೆಂಬ ಕರ್ತವ್ಯ ಅಂಥ ವ್ಯವಸ್ಥೆಯಲ್ಲಿ ಯಾರಿಗೂ ಸೇರಿದ್ದಾಗಿರಲಿಲ್ಲ. ಇಂದು ವಿದ್ಯಾವಂತ ತಾಯಂದಿರೂ ಈ ವಿಷಯದಲ್ಲಿ ಬಾಯಿ ಕಟ್ಟಿದವರಂತೆ ಉಳಿಯುವುದನ್ನು ಕಂಡು ಬೇಸರಪಡುವವರು ಆ ಮೌನದ ಹಳಮೆಯನ್ನೂ ನೆನೆಯಬೇಕು. ಮೈಸೂರು ಸಂಸ್ಥಾನವು 8 ವರ್ಷದೊಳಗಿನ ಹೆಣ್ಣುಮಗುವಿನ ಮದುವೆಯನ್ನು ನಿಷೇಧಿಸಿದ್ದು 1894ರಲ್ಲಿ; ಹೆಣ್ಣಿನ ವಿವಾಹಕ್ಕೆ 14 ವರ್ಷವಾದರೂ ತುಂಬಿರಬೇಕೆಂಬ ಶಾರದಾ ಕಾಯ್ದೆ ಅಂಗೀಕಾರವಾದದ್ದು 1929ರಲ್ಲಿ. ಮಗಳು ತವರಿನಲ್ಲೇ, ಶಾಲೆಗೆ ಹೋಗುತ್ತಲೇ ದೊಡ್ಡವಳಾಗುವುದು ಎಲ್ಲ ಮನೆಗಳ ಸಂಗತಿಯಾಗಿ ಬಹಳ ಕಾಲವೇನೂ ಆಗಿಲ್ಲ.

ಇನ್ನು ಶರಣರ ವಿಚಾರ. ರಜಸ್ಸೂತಕವನ್ನು ಅವರು ಕೇವಲ ಕನಿಕರದಿಂದ ಬಿಟ್ಟುಕೊಟ್ಟರೆಂದು ತಿಳಿದರೆ ಅವರ ಗಟ್ಟಿತನವನ್ನು ಅರಿತಂತಾಗದು. ಇಷ್ಟಲಿಂಗದ ತತ್ತ್ವವೇ ಈ ಸೂತಕಕ್ಕೆ ಎಡೆ ಕೊಡುವುದಿಲ್ಲ. ಸ್ಥಾವರ ದೇವಾಲಯದಲ್ಲಿ ದೇವರು ಒಂದೆಡೆ, ಭಕ್ತೆ ಮತ್ತೊಂದೆಡೆ. ನಡುವೆ ಹೊಸ್ತಿಲಿದೆ, ಹೊಸ್ತಿಲಿದ್ದಲ್ಲಿ ತಡೆಯುವವರೂ ಇರುತ್ತಾರೆ. ಇಷ್ಟಲಿಂಗವಾದರೋ ಅಂಗದ ಮೇಲೆಯೇ ಇರುವಂಥದು, ಹಗಲಿರುಳೂ ಅಗಲಬಾರದಂಥದು. ಋತುಸ್ರಾವದಿಂದ ದೇಹ ಮೈಲಿಗೆಯಾಗುವುದಾದರೆ ಲಿಂಗವಂತೆಯು ತಿಂಗಳಿಗೊಮ್ಮೆ ಲಿಂಗವನ್ನು ಕಳಚಿಡಬೇಕಾದೀತು. ಹಾಗೆ ಕಳಚಿಡುವುದು ಆಕೆಯ ದೀಕ್ಷೆಗೇ ವಿರುದ್ಧ. ಆದುದರಿಂದ ಎರಡರಲ್ಲಿ ಒಂದು ಮಾತ್ರ ಉಳಿಯಲು ಸಾಧ್ಯ: ಒಂದೋ ಸೂತಕ, ಇಲ್ಲವೇ ಲಿಂಗ. ಶರಣರು ಲಿಂಗವನ್ನು ಉಳಿಸಿಕೊಂಡರು. ಅಷ್ಟಾವರಣಗಳಲ್ಲಿ ಯಾವುದನ್ನೂ ಹೆಣ್ಣಿಗೆ ತಿಂಗಳಿನ ಇಂತಿಷ್ಟು ದಿನ ಇಲ್ಲವೆಂದು ವಿಧಿಸದೆ ಹೋದದ್ದು ಈ ಕಾರಣದಿಂದ.

ಇದಕ್ಕಿಂತಲೂ ಆಳವಾದ ಇನ್ನೊಂದು ತರ್ಕ ಬಸವಣ್ಣನವರ ವಚನವೊಂದರಲ್ಲಿದೆ. ಅದನ್ನು ಗ್ರಹಿಸಲು 'ಹೊಲೆ' ಎಂಬ ಶಬ್ದದ ಹಳೆಯ ಅರ್ಥವನ್ನು ಬಲ್ಲವರಾಗಿರಬೇಕು. ಹಳಗನ್ನಡದ 'ಪೊಲೆ'ಯೇ 'ಹೊಲೆ'. ಅದಕ್ಕೆ ಋತುಸ್ರಾವವೆಂಬುದು ಒಂದು ಅರ್ಥ. ಹೆರಿಗೆಯ ಸೂತಕ, ಮೈಲಿಗೆ ಎಂಬುವೂ ಅದರ ಅರ್ಥಗಳೇ. ಊರ ಹೊರಗೆ ಇಡಲ್ಪಟ್ಟ ಜನರಿಗೆ ಅಂಟಿಸಿದ ಹೆಸರೂ ಅದೇ ಶಬ್ದದಿಂದ ಬಂದದ್ದು. ಮನೆಯ ಹೊರಗೆ ಕೂತ ಹೆಣ್ಣನ್ನೂ ಊರ ಹೊರಗೆ ಇದ್ದ ಮನುಷ್ಯನನ್ನೂ ಸಮಾಜವು ಒಂದೇ ಮಾತಿನಿಂದ ಅಳೆಯುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ. ಬಸವಣ್ಣನವರ ವಚನದ ಆಶಯವಿಷ್ಟು: ಆ ಸ್ರಾವವಿಲ್ಲದೆ ಗರ್ಭದಲ್ಲಿ ಪಿಂಡಕ್ಕೆ ನೆಲೆಯೇ ಇಲ್ಲ, ಹುಟ್ಟಿದ ಪ್ರತಿಯೊಬ್ಬನೂ ಅದೇ ದಾರಿಯಿಂದ ಬಂದವನು, ಹೀಗಿರುವಾಗ ಕುಲಜನಾರು, ಹೊಲೆಯನಾರು? ಲಿಂಗವನ್ನು ಅರಿತವನೇ ಕುಲಜನು. ವಿದ್ವಾಂಸರು ಈ ವಚನವನ್ನು ಪ್ರಾಯಶಃ ಜಾತಿನಿರಾಕರಣೆಯ ಪ್ರಸಂಗದಲ್ಲಿ ಮಾತ್ರ ಉದ್ಧರಿಸುತ್ತಾರೆ. ಅದು ನ್ಯಾಯವೇ ಆದರೂ ಅರ್ಧ ಓದು. ಅಲ್ಲಿ ಜಾತಿಸೂತಕವನ್ನು ಕೆಡವಲು ಬಸವಣ್ಣನವರು ಬಳಸಿದ ಸಾಧನವೇ ರಜಸ್ಸು. ಜಗತ್ತು ಹೇಸುವ ವಸ್ತುವನ್ನೇ ಎಲ್ಲ ಹುಟ್ಟಿನ ಅಡಿಗಲ್ಲಾಗಿ ತೋರಿಸಿದಾಗ ಎರಡು ಸೂತಕಗಳೂ ಒಟ್ಟಿಗೆ ಬೀಳುತ್ತವೆ. ರಜಸ್ಸನ್ನು ಮೈಲಿಗೆಯೆಂದು ಇಟ್ಟುಕೊಂಡು ಜಾತಿಯನ್ನು ಮಾತ್ರ ಬಿಟ್ಟೆವೆನ್ನುವವರಿಗೆ ಆ ವಚನದಲ್ಲಿ ಆಸರೆಯಿಲ್ಲ.

(ಇಂದಿನ ಶರೀರಶಾಸ್ತ್ರವನ್ನು ವಚನದೊಳಗೆ ಹುಡುಕುವ ಉತ್ಸಾಹ ಕೆಲವರಿಗಿದೆ. ಅದರ ಅಗತ್ಯವಿಲ್ಲ. ಅಂದಿನ ಜನಕ್ಕಿದ್ದ ತಿಳಿವಳಿಕೆಯಿಂದಲೇ ಇಷ್ಟು ದೂರದ ನಿರ್ಣಯಕ್ಕೆ ಬಂದದ್ದು ದೊಡ್ಡ ಸಂಗತಿ.)

ಹೆಣ್ಣು ಗಂಡೆಂಬ ಭೇದ ದೇಹದ ಗುರುತುಗಳಿಗೆ ಸೇರಿದ್ದು, ಒಳಗಿನ ಆತ್ಮಕ್ಕಲ್ಲ ಎಂದು ಜೇಡರ ದಾಸಿಮಯ್ಯನವರು ಸಾರಿದರು. ಈ ನೆಲದ ಮೇಲೆಯೇ ಮೂವತ್ತಕ್ಕೂ ಹೆಚ್ಚು ಶರಣೆಯರು ವಚನಗಳನ್ನು ರಚಿಸಿದರು. ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ, ಮುಕ್ತಾಯಕ್ಕ, ಸೂಳೆ ಸಂಕವ್ವೆ ಮೊದಲಾದವರ ನಿತ್ಯದ ಅನುಭಾವಕ್ಕೆ ತಿಂಗಳಲ್ಲಿ ಮೂರು ದಿನದ ರಜೆಯಿತ್ತೆಂದು ಕಲ್ಪಿಸಿಕೊಳ್ಳುವುದು ಕಷ್ಟ.

ಈ ಆಚರಣೆ ಗ್ರಂಥಗಳಲ್ಲಿ ಮಾತ್ರ ಉಳಿದಿರಲಿಲ್ಲ. ಮೈಸೂರು ಸೀಮೆಯಲ್ಲಿ ಬಹುಕಾಲ ನೆಲೆಸಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಲಿಂಗಾಯತರು ಇತರರಂತೆ ಮುಟ್ಟಿನ ಮೈಲಿಗೆ ಕಳೆಯುವ ವಿಧಿಗಳನ್ನು ಪಾಲಿಸುವುದಿಲ್ಲವೆಂದು ಅದರಲ್ಲಿ ದಾಖಲಾಗಿದೆ. ಮೈಲಿಗೆ ತೊಳೆಯಲು ಇವರಿಗೆ ನದಿಯ ಹಂಗಿಲ್ಲ ಎಂಬರ್ಥದ ಆಡುಮಾತೊಂದನ್ನೂ ಅವರು ಬರೆದಿಟ್ಟಿದ್ದಾರೆ. ಮಂದಿ ಮೂದಲಿಕೆಗೆ ಆಡಿದ ಮಾತಿರಬಹುದು. ಆದರೆ ಕಲ್ಯಾಣ ಕ್ರಾಂತಿಯಾಗಿ ಆರುನೂರು ವರ್ಷಗಳ ಮೇಲೂ ಈ ಭೇದ ಪರದೇಶಿಯೊಬ್ಬನ ಕಣ್ಣಿಗೆ ಬೀಳುವಷ್ಟು ಎದ್ದು ಕಾಣುತ್ತಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪ್ರಮಾಣ ಸಿಗಲಾರದು.

ಬಳಿಕ ಆದದ್ದೇನು? ನೆರೆಹೊರೆಯ ಆಚಾರದ ಅನುಕರಣೆ ಸದಾ ಇದ್ದದ್ದೇ. ಅದರ ಮೇಲೆ 19ನೆಯ ಶತಮಾನದ ಕೊನೆಯ ಜನಗಣತಿಗಳ ಕಾಲದಲ್ಲಿ ತಮ್ಮನ್ನು 'ವೀರಶೈವ ಬ್ರಾಹ್ಮಣ'ರೆಂದು ನಮೂದಿಸಬೇಕೆಂಬ ಬೇಡಿಕೆ ಸಮಾಜದ ಕೆಲವು ವರ್ಗಗಳಿಂದ ಬಂದಿತು. ಮೇಲಿನ ಮೆಟ್ಟಿಲನ್ನು ಬಯಸಿದವರಿಗೆ ಆ ಮೆಟ್ಟಿಲಿನ ಮಡಿಯೂ ಬೇಕಾಯಿತೆಂದರೆ ತಪ್ಪಾಗಲಾರದು. ವಚನಗಳು ಆಗಿನ್ನೂ ತಾಡವೋಲೆಗಳಲ್ಲಿದ್ದವು. ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದದ್ದು 1923ರಲ್ಲಿ. ಅಷ್ಟರಲ್ಲಿ ಎಷ್ಟೋ ಮನೆಗಳ ಹೆಣ್ಣುಮಕ್ಕಳು 'ಹೊರಗೆ' ಕೂರುವುದನ್ನು ಹಿರಿಯರಿಂದ ಕಲಿತಾಗಿತ್ತು.

ಇಲ್ಲಿಯೇ ಮಗಳನ್ನು ಸಿದ್ಧಗೊಳಿಸುವ ಪ್ರಶ್ನೆ ಏಳುವುದು. ತಾಯಿಯ ಗರ್ಭದಲ್ಲಿ ಎಂಟನೆಯ ತಿಂಗಳಲ್ಲೇ ಲಿಂಗಧಾರಣೆ ಮಾಡಿಸಿಕೊಂಡ ಮಗು, ಎಂಟು ವರ್ಷದ ಸುಮಾರಿಗೆ ಗುರುವಿನಿಂದ ದೀಕ್ಷೆ ಪಡೆದ ಬಾಲಕಿ, ಹನ್ನೆರಡರ ಹೊತ್ತಿಗೆ ಒಂದು ಬೆಳಗ್ಗೆ ಬಟ್ಟೆಯ ಮೇಲೆ ರಕ್ತದ ಕಲೆ ಕಂಡು ಬೆದರುತ್ತಾಳೆ. ಆ ಗಳಿಗೆಯಲ್ಲಿ ಆಕೆಯ ಕಿವಿಗೆ ಬೀಳುವ ಮೊದಲ ಮಾತು "ಕರಡಿಗೆ ತೆಗೆದಿಡು, ದೇವರ ಕೋಣೆಗೆ ಹೋಗಬೇಡ" ಎಂಬುದಾದರೆ, ನಾಲ್ಕು ವರ್ಷ ಆಕೆಗೆ ಕಲಿಸಿದ್ದೆಲ್ಲ ಒಂದೇ ಮಾತಿನಲ್ಲಿ ಸುಳ್ಳಾಗುತ್ತದೆ. ಆಕೆ ಪ್ರಶ್ನಿಸಲಿಕ್ಕಿಲ್ಲ, ನಂಬಿಬಿಡುತ್ತಾಳೆ. ತನ್ನ ಮಗಳಿಗೂ ಅದನ್ನೇ ಹೇಳುತ್ತಾಳೆ. ಸೂತಕ ಮರಳಿ ಬಂದ ದಾರಿಯೇ ಇದು. ಆದುದರಿಂದ ಮೊದಲ ಮಾತು ತಾಯಿಯದಾಗಬೇಕು, ಆ ದಿನಕ್ಕಿಂತ ಮುಂಚಿನದಾಗಬೇಕು.

ಮುಂಚೆ ಎಂದರೆ ಎಂದು? ನಮ್ಮ ನಾಡಿನ ಹೆಚ್ಚಿನ ಬಾಲಕಿಯರು 12-13ರ ಆಸುಪಾಸಿನಲ್ಲಿ ಮೈನೆರೆಯುತ್ತಾರೆ. 9-10ಕ್ಕೇ ಆಗುವವರೂ ಇದ್ದಾರೆ. ಎದೆಯ ಬೆಳವಣಿಗೆ ತೋರಿದ ಸುಮಾರು ಎರಡು ವರ್ಷಕ್ಕೆ ಮುಟ್ಟು ಬರುವುದು ಸಾಮಾನ್ಯ. ಬಿಳಿಸ್ರಾವ ಕಂಡಿತೆಂದರೆ ದಿನ ಇನ್ನೂ ಹತ್ತಿರ. ಈ ಗುರುತುಗಳನ್ನು ಮೊದಲು ಅರಿಯುವವಳು ತಾಯಿಯೇ. ಒಮ್ಮೆಗೇ ಕೂರಿಸಿಕೊಂಡು ಪ್ರವಚನ ಮಾಡುವುದಕ್ಕಿಂತ ತಲೆ ಬಾಚುವಾಗ, ಬಟ್ಟೆ ಮಡಿಸುವಾಗ ಸ್ವಲ್ಪ ಸ್ವಲ್ಪವಾಗಿ ಹೇಳಿದರೆ ಮಾತು ಇಳಿಯುತ್ತದೆ. ಗರ್ಭಕೋಶದ ಒಳಪದರ ಪ್ರತಿ ತಿಂಗಳೂ ಮಗುವಿಗೆ ನೆಲೆಯಾಗಲು ದಪ್ಪವಾಗುತ್ತದೆ, ಗರ್ಭ ನಿಲ್ಲದಿದ್ದಾಗ ಕಳಚಿ ಬರುತ್ತದೆ, ಇದು ಗಾಯವಲ್ಲ, ರೋಗವಲ್ಲ, ಕೆಟ್ಟ ರಕ್ತವೂ ಅಲ್ಲ. ಎರಡರಿಂದ ಏಳು ದಿನ ಇರಬಹುದು. ಮೊದಲ ಒಂದೆರಡು ವರ್ಷ ತಿಂಗಳ ಲೆಕ್ಕ ತಪ್ಪುವುದು ಸಹಜ. ನಾಲ್ಕರಿಂದ ಆರು ತಾಸಿಗೊಮ್ಮೆ ಪ್ಯಾಡ್ ಬದಲಿಸಬೇಕು. ಬಟ್ಟೆ ಬಳಸುವುದಾದರೆ ಸಾಬೂನಿನಿಂದ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ನಾಚಿಕೆಗೆಂದು ಕತ್ತಲ ಮೂಲೆಯಲ್ಲಿ ಒಣಗಿಸಿದ ಬಟ್ಟೆಯಿಂದ ಸೋಂಕಿನ ಭಯವಿದೆ. ಶಾಲೆಯ ಚೀಲದಲ್ಲಿ ಒಂದು ಪ್ಯಾಡು, ಒಂದು ಒಳಉಡುಪು ಮೊದಲೇ ಇರಲಿ. 8 ವರ್ಷಕ್ಕೂ ಮುಂಚೆ ಮುಟ್ಟಾದರೆ, 15 ತುಂಬಿದರೂ ಆಗದಿದ್ದರೆ, ಗಂಟೆಗೊಂದರಂತೆ ಪ್ಯಾಡು ತೊಯ್ಯುವಷ್ಟು ಸ್ರಾವವಾದರೆ ವೈದ್ಯರಲ್ಲಿಗೆ ಹೋಗಬೇಕು.

ಮನೆಯ ಮಾತುಗಳನ್ನೂ ಒಮ್ಮೆ ಸೋಸಿ ನೋಡುವುದು ಒಳ್ಳೆಯದು. 'ಹೊರಗಾಗುವುದು', 'ಕಡೆಯಾಗುವುದು' ಎಂಬ ಮಾತುಗಳಲ್ಲೇ ಹೊರಗಟ್ಟುವ ಅರ್ಥ ಕೂತಿದೆ. ಅದೇ ಕನ್ನಡದಲ್ಲಿ 'ಮೈನೆರೆಯುವುದು' ಎಂಬ ಸೊಗಸಾದ ಮಾತೂ ಇದೆ. ನೆರೆ ಎಂದರೆ ತುಂಬು, ಪೂರ್ಣವಾಗು. ಮಗಳಿಗೆ ಯಾವ ಮಾತನ್ನು ಕೊಡಬೇಕೆಂಬುದು ತಾಯಿಯ ಕೈಯಲ್ಲಿದೆ.

ಹಳೆಯ ರೂಢಿಗಳೆಲ್ಲ ತ್ಯಾಜ್ಯವೆಂದು ಇದರ ಅರ್ಥವಲ್ಲ. ಮೈನೆರೆದ ಹುಡುಗಿಗೆ ಎಳ್ಳಿನ ಚಿಗಳಿ, ಕೊಬ್ಬರಿ, ಬೆಲ್ಲ ತಿನ್ನಿಸುವುದು ಪ್ರೀತಿಯ ಪದ್ಧತಿ. ರಕ್ತ ಹೋಗುವ ಮೈಗೆ ಎಳ್ಳು, ಸೊಪ್ಪು, ಬೇಳೆಕಾಳು ಬೇಕೇ ಬೇಕು. ಆರತಿ ಎತ್ತುವುದಿದ್ದರೆ ಮಗಳ ಇಷ್ಟವನ್ನು ಕೇಳಿ ಎತ್ತಲಿ. ಊರಿಗೆಲ್ಲ ಸಾರುವುದನ್ನು ಇಂದಿನ ಎಷ್ಟೋ ಮಕ್ಕಳು ಬಯಸುವುದಿಲ್ಲ. ಹೊಟ್ಟೆನೋವಿದ್ದ ದಿನ ಮಲಗಲಿ, ಕೆಲಸದಿಂದ ಬಿಡುವು ಪಡೆಯಲಿ. ವಿಶ್ರಾಂತಿ ಬೇರೆ, ಬಹಿಷ್ಕಾರ ಬೇರೆ. ಮುಟ್ಟಾದವರನ್ನು ಬಲವಂತದಿಂದ ಪ್ರತ್ಯೇಕವಾಗಿರಿಸುವುದನ್ನು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಕಾಯ್ದೆ ಶಿಕ್ಷಾರ್ಹಗೊಳಿಸಿದ್ದು, ಅದು 2020ರ ಜನವರಿಯಲ್ಲಿ ಜಾರಿಗೆ ಬಂದಿತು.

ಮನೆಯಲ್ಲಿ ಅಜ್ಜಿಯಿದ್ದರೆ ಆಕೆಯೊಡನೆ ವಾದಕ್ಕಿಳಿಯುವ ಭಾರವನ್ನು ಮೊಮ್ಮಗಳ ಮೇಲೆ ಹೊರಿಸಬಾರದು. ಅದು ಮಗ ಸೊಸೆಯರು ಮೊದಲೇ ಕೂತು ಗೌರವದಿಂದ ಮಾತಾಡಿ ತೀರಿಸಿಕೊಳ್ಳಬೇಕಾದ ವಿಷಯ. "ಅಮ್ಮಾ, ಲಿಂಗ ಕಳಚಬಾರದೆಂದು ನೀವೇ ಕಲಿಸಿದಿರಲ್ಲ" ಎಂದು ಮಗ ಕೇಳಿದರೆ ಎಷ್ಟೋ ತಾಯಂದಿರಲ್ಲಿ ಉತ್ತರ ಸಿದ್ಧವಿರುವುದಿಲ್ಲ. ತಂದೆಗೂ ಇದರಲ್ಲಿ ಪಾಲಿದೆ; ಅಂಗಡಿಯಿಂದ ಪ್ಯಾಡು ತರುವುದು ಅವರ ಘನತೆಗೆ ಕುಂದೇನಲ್ಲ.

ಆ ದಿನ ಬಂದಾಗ ಪೂಜೆಯ ಕ್ರಮದಲ್ಲಿ ಬದಲಾಗಬೇಕಾದದ್ದು ಏನೂ ಇಲ್ಲ. ಸ್ನಾನ, ವಿಭೂತಿ, ಶಿವದಾರದಲ್ಲಿ ಎಂದಿನಂತೆ ಕರಡಿಗೆ, ಅಂಗೈಯಲ್ಲಿ ಲಿಂಗ. ಸೊಂಟ ನೋಯುತ್ತಿದ್ದರೆ ಗೋಡೆಗೆ ಒರಗಿ ಕೂತು ಮಾಡಿದರೂ ಸಾಕು.