ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್: ಸರಳ ಕ್ಲೈಂಟ್ ಮತ್ತು ಸರ್ವರ್

ಇದು ಭಾಷಾ ಮಾದರಿಗಳನ್ನು ಹೊರಗಿನ ಉಪಕರಣ, ದತ್ತಾಂಶಗಳಿಗೆ ಜೋಡಿಸುವ ಮುಕ್ತ ಮಾನಕ. ಇದನ್ನು ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿತು. ಸಂದೇಶಗಳು ಜೇಸನ್-ಆರ್‌ಪಿಸಿ 2.0 ರೂಪದಲ್ಲಿರುತ್ತವೆ. ಉಪಕರಣ ಒದಗಿಸುವ ಸರಳ ಸರ್ವರ್‌ಗೆ ಪೈಥಾನ್‌ನ ಹತ್ತಿಪ್ಪತ್ತು ಸಾಲು ಸಾಕು: ಎರಡು ಸಂಖ್ಯೆ ಕೂಡಿಸುವ ಫಂಕ್ಷನ್ ಬರೆದು, ಅದನ್ನು ಉಪಕರಣವೆಂದು ಗುರುತಿಸಿದರಾಯಿತು. ಮಾದರಿಯ ಪರವಾಗಿ ಕ್ಲೈಂಟ್ ಈ ಸರ್ವರನ್ನು ಚಾಲೂ ಮಾಡಿ, ಆವೃತ್ತಿ, ಸಾಮರ್ಥ್ಯಗಳನ್ನು ಹೊಂದಿಸಿಕೊಂಡು, ಉಪಕರಣಗಳ ಪಟ್ಟಿ ಕೇಳುತ್ತದೆ. ಮಾದರಿ ಆರಿಸಿದ ಉಪಕರಣವನ್ನು ಕರೆದು ಉತ್ತರ ಮರಳಿಸುತ್ತದೆ. ಉಪಕರಣದ ವಿವರಣೆ ಓದಿಯೇ ಮಾದರಿ ಆಯ್ಕೆ ಮಾಡುವುದರಿಂದ, ಆ ಒಂದೆರಡು ವಾಕ್ಯಗಳಿಗೆ ಕೋಡ್‌ನಷ್ಟೇ ಶ್ರದ್ಧೆ ಬೇಕು. ಒಂದೇ ಯಂತ್ರದಲ್ಲಿದ್ದರೆ ಕ್ಲೈಂಟ್, ಸರ್ವರ್ ಎರಡೂ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಇನ್‌ಪುಟ್, ಔಟ್‌ಪುಟ್ ಮೂಲಕ ಮಾತಾಡುತ್ತವೆ. ಆಗ ಸರ್ವರ್‌ನಲ್ಲಿ ಮರೆತುಳಿದ ಒಂದು ಪ್ರಿಂಟ್ ಸಾಲು ಕೂಡ ಸಂದೇಶಗಳ ನಡುವೆ ನುಗ್ಗಿ ಸಂಪರ್ಕ ಕೆಡಿಸಬಲ್ಲದು. ಹಾಗಾಗಿ ಲಾಗ್‌ಗಳನ್ನು ಸ್ಟ್ಯಾಂಡರ್ಡ್ ಎರರ್‌ಗೆ ಕಳಿಸಬೇಕು. ಫೈಲ್ ಅಳಿಸುವಂಥ ಉಪಕರಣವಿದ್ದರೆ, ಕರೆಯುವ ಮುನ್ನ ಬಳಕೆದಾರರ ಒಪ್ಪಿಗೆ ಕೇಳುವ ಹಂತವನ್ನು ಕ್ಲೈಂಟ್‌ನಲ್ಲೇ ಇಡುವುದು ಕ್ಷೇಮ.